ಹುಲ್ಹುಮಾಲೆ: ಕಡಲಿಗೆ ಮರಳು ತುಂಬಿ ಕಟ್ಟಿದ ಊರಿನಿಂದ ಯಾರಿಗೆ ನೆಲೆ, ಯಾರಿಗೆ ನಷ್ಟ?

ಹೇಮಾವತಿ_ತೀರ

ಹಿಂದಿನ ವಾರ ಇಲ್ಲಿ ಯಾರೋ ಮಾಲ್ಡೀವ್ಸ್‌ನ ಹುಲ್ಹುಮಾಲೆಯ ಡ್ರೋನ್ ಚಿತ್ರ ಹಾಕಿ, "ಸಮುದ್ರದ ಮೇಲೇ ಇಷ್ಟು ಅಚ್ಚುಕಟ್ಟಾದ ಊರು ಕಟ್ಟಬಹುದಾದರೆ ನಮ್ಮಲ್ಲಿ ಯಾಕಾಗಲ್ಲ" ಅಂತ ಕೇಳಿದ್ದರು. ನಾನು ಮಾಲ್ಡೀವ್ಸ್‌ನಲ್ಲಿ ಶಾಲಾ ಶಿಕ್ಷಕಿ. ಮೊದಲು ದೂರದ ಅಟಾಲ್ (ಉಂಗುರದಂತೆ ಹಬ್ಬಿದ ಹವಳದ ದ್ವೀಪಗಳ ಗುಂಪು) ಒಂದರ ಸಣ್ಣ ದ್ವೀಪದಲ್ಲಿದ್ದೆ, ಈಗ ಹುಲ್ಹುಮಾಲೆಯಲ್ಲೇ ಬಾಡಿಗೆ ಮನೆ. ಎರಡೂ ಕಡೆ ಬಾಳಿದವಳಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ರಾಜಧಾನಿ ಮಾಲೆ ಸುಮಾರು ಎರಡು ಚದರ ಕಿಲೋಮೀಟರ್‌ನ ಪುಟ್ಟ ದ್ವೀಪ. ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿ, ನೌಕರಿ ಎಲ್ಲಾ ಅಲ್ಲೇ. ಜನವೂ ಅಲ್ಲಿಗೇ ಬಂದರು. ಬಂದವರಿಗೆ ಜಾಗ ಸಾಲದಾದಾಗ, ಮೌಮೂನ್ ಅಬ್ದುಲ್ ಗಯೂಮ್ ಅಧ್ಯಕ್ಷರಾಗಿದ್ದ 1997ರಲ್ಲಿ, ವಿಮಾನ ನಿಲ್ದಾಣವಿರುವ ಹುಲ್ಹುಲೆಯ ಪಕ್ಕದ ಲಗೂನಿಗೆ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ಕಡಲಿಗೆ, ಮರಳು ತುಂಬಿ ಹುಲ್ಹುಮಾಲೆ ಎಬ್ಬಿಸುವ ಕೆಲಸ ಶುರುವಾಯಿತು. 2002ರ ಹೊತ್ತಿಗೆ 188 ಹೆಕ್ಟೇರ್ ನೆಲ ಎದ್ದಿತ್ತು. 2004ರ ಮೇ ತಿಂಗಳಲ್ಲಿ ಮೊದಲ ಕಂತಿನಲ್ಲಿ ಸಾವಿರ ಚಿಲ್ಲರೆ ಜನ ಬಂದು ನೆಲೆಸಿದರು. 2015ರಲ್ಲಿ ಇನ್ನೂ 240 ಹೆಕ್ಟೇರ್ ಸೇರಿತು. 2018ರ ಆಗಸ್ಟ್ 30ರಂದು ಚೀನಾದ ನೆರವಿನ ಸಿನಮಾಲೆ ಸೇತುವೆ ತೆರೆದ ಮೇಲಂತೂ ಊರಿನ ಲೆಕ್ಕವೇ ಬದಲಾಯಿತು. ಅಲ್ಲಿಯವರೆಗೆ ಮಾಲೆಗೆ ಹೋಗಬೇಕೆಂದರೆ ದೋಣಿ ಕಾಯಬೇಕಿತ್ತು, ಈಗ ಬೈಕ್ ಹತ್ತಿದರೆ ಸಾಕು. 2022ರ ಜನಗಣತಿಯ ವೇಳೆಗೆ ಇಲ್ಲಿನ ಜನಸಂಖ್ಯೆ 60 ಸಾವಿರ ದಾಟಿತ್ತು. ಕೊನೆಗೆ 2 ಲಕ್ಷ 40 ಸಾವಿರ ಜನರನ್ನು ಇಲ್ಲಿರಿಸಬೇಕೆಂಬುದು ಯೋಜನೆ. ಇಡೀ ದೇಶದ ಜನಸಂಖ್ಯೆಯೇ 5 ಲಕ್ಷದ ಆಸುಪಾಸು ಅನ್ನುವುದು ನೆನಪಿರಲಿ.

ಊರು ಚೆನ್ನಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಅಗಲ ರಸ್ತೆ, ಸಾಲುಮರ, ಮಕ್ಕಳಿಗೆ ಪಾರ್ಕು, ಪೂರ್ವಕ್ಕೆ ಉದ್ದನೆಯ ಕಡಲತೀರ. ಮಾಲೆಯ ಗಲ್ಲಿಗಳಲ್ಲಿ ಒಂದೇ ಕೋಣೆಯಲ್ಲಿ ಮೂರು ತಲೆಮಾರು ಮಲಗುತ್ತಿದ್ದ ಸಂಸಾರಗಳಿಗೆ ಇಲ್ಲಿ ಕಿಟಕಿ ಇರುವ ಮನೆ ಸಿಕ್ಕಿದೆ. ಆದರೆ ನಾನು ಮೊದಲಿದ್ದ ದ್ವೀಪದಲ್ಲಿ ವರ್ಷ ವರ್ಷ ಹಾಜರಿ ಪುಸ್ತಕ ತೆಳ್ಳಗಾಗುತ್ತಾ ಬಂದಿದ್ದನ್ನೂ ನೋಡಿದ್ದೇನೆ. ಒಂದು ಮಗು ಮಾಲೆಗೆ ಓದಲು ಹೊರಟರೆ ತಾಯಿ ಜೊತೆಗೆ ಹೋಗುತ್ತಾಳೆ, ಆಮೇಲೆ ತಮ್ಮ ತಂಗಿಯರು, ಕೊನೆಗೆ ಅಜ್ಜಿ. ಅಪ್ಪ ಯಾವುದೋ ರೆಸಾರ್ಟಿನಲ್ಲಿ. ಮನೆಗೆ ಬೀಗ. ಇಲ್ಲಿ ಒಂದು ಗೋಪುರ ಎದ್ದಾಗಲೆಲ್ಲ ಅಲ್ಲಿ ಕೆಲವು ಮನೆಗಳಿಗೆ ಬೀಗ ಬೀಳುತ್ತದೆ. ನಮ್ಮಲ್ಲಿ ಯಾಕಾಗಲ್ಲ ಅಂತ ಕೇಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಡಲ್ಕರೆ

ಮೇಡಂ, ಒಳ್ಳೆಯ ವಿಷಯ ಎತ್ತಿದಿರಿ. ನಾನು ಮಂಗಳೂರಿನವ, ಹೂಳೆತ್ತುವ ಹಡಗುಗಳಲ್ಲಿ ಕೆಲಸ ಮಾಡಿದ್ದುಂಟು. ನೆಲ ಎಬ್ಬಿಸುವುದು ಹೇಗೆ ಅಂತ ಹಲವರಿಗೆ ಗೊತ್ತಿಲ್ಲ, ಹೇಳುತ್ತೇನೆ.

ಹಡಗು ಲಗೂನಿನ ತಳದ ಮರಳನ್ನು ನೀರಿನೊಟ್ಟಿಗೇ ಹೀರುತ್ತದೆ. ಅದನ್ನು ದಪ್ಪ ಕೊಳವೆಯಲ್ಲಿ ತುಂಬುವ ಜಾಗಕ್ಕೆ ದೂಡುತ್ತಾರೆ. ಸುತ್ತ ಮೊದಲೇ ಏರಿ ಕಟ್ಟಿರುತ್ತಾರೆ. ನೀರು ಬಸಿದು ಹೊರಗೆ ಹೋಗುತ್ತದೆ, ಮರಳು ಕೂರುತ್ತದೆ, ಮೇಲಿಂದ ಬುಲ್ಡೋಜರ್ ಸಮ ಮಾಡುತ್ತದೆ. ಅಂಚಿಗೆ ಬಂಡೆಕಲ್ಲಿನ ರಕ್ಷಣೆ. ಯಂತ್ರ ಹಗಲೂ ರಾತ್ರಿ ಓಡುವ ಕಾರಣ, ಕಟ್ಟಡಕ್ಕೆ ಹೋಲಿಸಿದರೆ ನೆಲ ಏಳುವುದು ಭಾರೀ ಬೇಗ.

ಪೆಟ್ಟು ಬೀಳುವುದು ಆ ಬಸಿದು ಹೋಗುವ ನೀರಿನಿಂದ. ಅದರಲ್ಲಿ ಗಿರಣಿಯ ಹಿಟ್ಟಿನ ಹಾಗೆ ನುಣ್ಣನೆ ಸುಣ್ಣದ ಪುಡಿ ಇರುತ್ತದೆ. ಅದು ತೇಲಿ ಹೋಗಿ ಪಕ್ಕದ ಹವಳದ ಮೇಲೆ ಕೂರುತ್ತದೆ. ಹವಳದ ಮೈಯೊಳಗಿರುವ ಪಾಚಿಗೆ ಬಿಸಿಲು ಬೇಕು, ಬಿಸಿಲು ತಪ್ಪಿದರೆ ಹವಳಕ್ಕೆ ಆಹಾರ ಇಲ್ಲ. ಹವಳ ಸತ್ತರೆ ಅಲೆಯ ರಭಸ ತಡೆಯುವ ಗೋಡೆಯೂ ಹೋಯಿತು, ಹೊಸ ಮರಳು ಹುಟ್ಟುವ ಮೂಲವೂ ಹೋಯಿತು, ಯಾಕೆಂದರೆ ಅಲ್ಲಿನ ಮರಳೇ ಹವಳದ ಚೂರು. 2016ರಲ್ಲಿ ಸಮುದ್ರ ಬಿಸಿಯಾಗಿ ಅಲ್ಲಿಯ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತ್ತು. ಮೊದಲೇ ಸೋತ ಹವಳದ ಮೇಲೆ ಈ ಪುಡಿ ಬೀಳುತ್ತಿದೆ.

ಇನ್ನೊಂದು ಸಂಗತಿ. ನೆಲ ತುಂಬಲು ಕಡಲಿನ ಮರಳು ಆಗುತ್ತದೆ, ಕಾಂಕ್ರೀಟಿಗೆ ಆಗುವುದಿಲ್ಲ. ಉಪ್ಪಿನಿಂದ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಹಾಗಾಗಿ ಮನೆ ಕಟ್ಟುವ ಮರಳು, ಜಲ್ಲಿ ಹೊರಗಿನಿಂದಲೇ ಬರಬೇಕು. 2024-25ಕ್ಕೆ ಭಾರತ ಮಾಲ್ಡೀವ್ಸ್‌ಗೆ ಹೊಳೆ ಮರಳು 10 ಲಕ್ಷ ಟನ್, ಜಲ್ಲಿ 10 ಲಕ್ಷ ಟನ್ ಕಳಿಸಲು ಅನುಮತಿ ಕೊಟ್ಟಿತು. ನಮ್ಮ ಕಡೆ ಮನೆ ಕಟ್ಟಲು ಮರಳಿಗಾಗಿ ಜನ ಎಷ್ಟು ಪರದಾಡುತ್ತಾರೆ ಅಂತ ಗೊತ್ತಲ್ಲ ಮಾರಾಯ್ರೆ. ಎಲ್ಲಿಯದೋ ಹೊಳೆಯ ತಳ ಹುಲ್ಹುಮಾಲೆಯ ಗೋಡೆಯೊಳಗೆ ಕೂತಿದೆ. ಅದು ತಪ್ಪು ಅಂತ ಹೇಳುತ್ತಿಲ್ಲ. ನೆರೆಯವರಿಗೆ ಮನೆ ಬೇಕು, ಕೊಡಬೇಕು. ಆದರೆ ಇದು ಬರೀ ಅವರ ಲಗೂನಿನ ವಿಷಯ ಅಂತ ತಿಳಿಯಬೇಡಿ.

ಮಳೆಬಿಲ್ಲು

ಅಕ್ಕ, ಮಾಲ್ಡೀವ್ಸ್ ಈ ಶತಮಾನದಲ್ಲೇ ಮುಳುಗುತ್ತೆ ಅಂತಾರಲ್ಲ. 2009ರಲ್ಲಿ ಅಧ್ಯಕ್ಷ ನಶೀದ್ ಸಮುದ್ರದ ಕೆಳಗೆ ಸಂಪುಟ ಸಭೆ ಮಾಡಿದ ಫೋಟೊ ನಮ್ಮ ಪೇಪರ್‌ಗಳಲ್ಲೂ ಬಂದಿತ್ತು. ಹಾಗಿದ್ದ ಮೇಲೆ ಎತ್ತರ ಮಾಡಿ ಕಟ್ಟಿದ ಒಂದು ಊರಿಗೆ ಎಲ್ಲರನ್ನೂ ಕರೆಸಿಕೊಳ್ಳೋದೇ ಸರಿಯಾದ ದಾರಿ ಅಲ್ವಾ? ಸಣ್ಣ ಸಣ್ಣ ದ್ವೀಪಗಳನ್ನ ಎಷ್ಟು ದಿನ ಕಾಪಾಡೋಕೆ ಆಗುತ್ತೆ?

ಹೇಮಾವತಿ_ತೀರ

@ಮಳೆಬಿಲ್ಲು, ಹುಲ್ಹುಮಾಲೆ ಸಮುದ್ರಮಟ್ಟದಿಂದ ಸುಮಾರು 2 ಮೀಟರ್ ಎತ್ತರದಲ್ಲಿದೆ. ದೇಶದ ಬಹುಪಾಲು ನೆಲ 1 ಮೀಟರಿಗಿಂತ ಕೆಳಗೆ. ಆ ಮಟ್ಟಿಗೆ ನಿನ್ನ ಮಾತು ಸರಿ. ಆದರೆ 2 ಮೀಟರ್ ಅಂದರೆ ನಮ್ಮೂರ ಮನೆಯ ಬಾಗಿಲಿನಷ್ಟು ಎತ್ತರ, ಅಷ್ಟೇ. ದೊಡ್ಡ ಅಲೆ, ಉಬ್ಬರ, ಗಾಳಿ ಒಟ್ಟಿಗೆ ಸೇರಿದ ದಿನ ಅದೂ ಹೆಚ್ಚಲ್ಲ.

ಇನ್ನೊಂದು ವಿಷಯ ಇಲ್ಲಿ ಬಂದ ಮೇಲೆ ಕಲಿತೆ. ಸ್ವಾಭಾವಿಕ ದ್ವೀಪದ ನೆಲ ಒಂದೇ ಮಟ್ಟವಾಗಿರುವುದಿಲ್ಲ. ಸಮುದ್ರವೇ ಕಾಲಕಾಲಕ್ಕೆ ಹವಳದ ಚೂರನ್ನು ಎಸೆದು ಅಂಚಿನಲ್ಲಿ ದಿಬ್ಬ ಕಟ್ಟಿರುತ್ತದೆ. ದ್ವೀಪದಡಿ ಮಳೆನೀರು ಇಂಗಿ, ಉಪ್ಪುನೀರಿನ ಮೇಲೆ ಸಿಹಿನೀರಿನ ಪದರವಾಗಿ ನಿಂತಿರುತ್ತದೆ. ನಾನಿದ್ದ ದ್ವೀಪದಲ್ಲಿ ಬಾವಿ ಇತ್ತು, ಮನೆಮನೆಗೂ ಮಳೆನೀರಿನ ಟ್ಯಾಂಕ್ ಇತ್ತು. ಹುಲ್ಹುಮಾಲೆಯಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಸಮುದ್ರದ ಉಪ್ಪು ತೆಗೆದ ನೀರು. ಅದಕ್ಕೆ ವಿದ್ಯುತ್ ಬೇಕು, ವಿದ್ಯುತ್ತಿಗೆ ಡೀಸೆಲ್ ಬೇಕು, ಡೀಸೆಲ್ ಹಡಗಿನಲ್ಲಿ ಬರಬೇಕು. 2014ರ ಡಿಸೆಂಬರ್‌ನಲ್ಲಿ ಮಾಲೆಯ ನೀರಿನ ಸ್ಥಾವರಕ್ಕೆ ಬೆಂಕಿ ಬಿದ್ದಾಗ ಇಡೀ ರಾಜಧಾನಿಗೆ ಕುಡಿಯುವ ನೀರಿರಲಿಲ್ಲ. ಭಾರತ ವಿಮಾನದಲ್ಲೂ ಐಎನ್‌ಎಸ್ ಸುಕನ್ಯಾ ಹಡಗಿನಲ್ಲೂ ನೀರು ಕಳಿಸಿತು. ಎಲ್ಲರನ್ನೂ ಒಂದೇ ಕಡೆ ಸೇರಿಸಿದರೆ ಒಂದು ಅವಘಡ ಎಲ್ಲರನ್ನೂ ತಟ್ಟುತ್ತದೆ. ಸುರಕ್ಷತೆ ಅನ್ನುವಾಗ ಇದನ್ನೂ ತೂಗಬೇಕು.

2004ರ ಡಿಸೆಂಬರ್ 26ರ ಸುನಾಮಿಯನ್ನೂ ಹೇಳಬೇಕು. ರಾ ಅಟಾಲ್‌ನ ಕಂಧೊಳುಧೂ ಅನ್ನುವ ದ್ವೀಪ ವಾಸಕ್ಕೇ ಬಾರದಂತೆ ಹಾಳಾಯಿತು. ಅಲ್ಲಿಯವರನ್ನು ರಾಜಧಾನಿಗೆ ತಂದು ಸುರಿಯಲಿಲ್ಲ. ಅದೇ ಅಟಾಲ್‌ನ ಜನವಸತಿ ಇಲ್ಲದ ಧುವಾಫರು ದ್ವೀಪದಲ್ಲಿ ರೆಡ್ ಕ್ರಾಸ್ ಸಂಸ್ಥೆಗಳು ಸುಮಾರು 600 ಮನೆ, ಶಾಲೆ ಕಟ್ಟಿಕೊಟ್ಟವು. 2009ರ ಹೊತ್ತಿಗೆ ಇಡೀ ಊರು ಒಟ್ಟಿಗೆ ಅಲ್ಲಿಗೆ ಹೋಯಿತು. ಅದೂ ಯೋಜಿತ ಊರೇ. ಮೀನುಗಾರರು ಮೀನುಗಾರರಾಗಿಯೇ ಉಳಿದರು. ಹುಲ್ಹುಮಾಲೆಯ ಡ್ರೋನ್ ಚಿತ್ರ ಹಂಚಿಕೊಳ್ಳುವವರು ಧುವಾಫರುವನ್ನೂ ನೋಡಲಿ ಅನ್ನುವುದು ನನ್ನಾಸೆ.

ನವನಗರ_ಹುಡುಗ

ಅಕ್ಕಾರ, ನೀವು ಬರದದ್ದು ಓದಿ ನಮ್ಮೂರ ಕಥಿನ ಓದಿದಂಗಾತು. ನಾವು ಬಾಗಲಕೋಟಿಯವರು. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಮುಳುಗಡಿ ಆತು ಅಂತ ನವನಗರ ಕಟ್ಟಿದರು. ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ಯೋಜನೆ ಹಾಕಿದ್ದು. ಸೆಕ್ಟರ್ ಸೆಕ್ಟರ್ ಮಾಡಿ, ರಸ್ತಾ ಅಗಲ ಬಿಟ್ಟು, ಗಿಡಾ ಹಚ್ಚಿ, ಎಲ್ಲಾ ಚೊಲೋನ ಮಾಡ್ಯಾರ. ಆದ್ರ ಒಂದ ಓಣ್ಯಾಗ ಇದ್ದ ಮಂದಿ ಒಬ್ಬರು ಈ ಸೆಕ್ಟರ್, ಒಬ್ಬರು ಆ ಸೆಕ್ಟರ್ ಆದರು. ನಮ್ಮ ಅಜ್ಜಿಗೆ ಸಂಜಿಗೆ ಕಟ್ಟಿ ಮ್ಯಾಲ ಕುಂತು ಮಾತಾಡಾಕ ಮಂದಿ ಸಿಗದಂಗಾತು. ಪರಿಹಾರದ ರೊಕ್ಕದ ಲೆಕ್ಕಾ ಎಲ್ಲಾರೂ ಮಾಡತಾರ, ಇದರ ಲೆಕ್ಕಾ ಯಾರೂ ಹಿಡಿಯಂಗಿಲ್ಲ.

ಒಂದ ಫರಕ ಐತ್ರಿ. ನಮಗ ನೀರು ಬಂದು ಏಳಿಸಿತು. ಅಲ್ಲಿಯವರನ್ನ ಯಾರೂ ಏಳಿಸಿಲ್ಲ, ತಾವಾಗೇ ಬಂದಾರ. ಹಂಗಾದ್ರ ಅವರು ಖುಷಿಯಿಂದ ಬಂದಾರ ಅನ್ನಬೇಕೋ, ಬ್ಯಾರೆ ದಾರಿ ಇಲ್ಲಂತ ಬಂದಾರ ಅನ್ನಬೇಕೋ? ಆ ಎತ್ತರದ ಬಿಲ್ಡಿಂಗ್‌ನ್ಯಾಗ ಒಂದ ದ್ವೀಪದ ಮಂದಿ ಒಂದ ಕಡೆ ಅದಾರೇನು?

ಹೇಮಾವತಿ_ತೀರ

@ನವನಗರ_ಹುಡುಗ, ತಮ್ಮಾ, ಎರಡೂ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿದವು.

2015ರಲ್ಲಿ ಸೇರಿದ ಎರಡನೇ ಹಂತದ ನೆಲದಲ್ಲಿ ಹಿಯಾ ಅನ್ನುವ ವಸತಿ ಸಮುಚ್ಚಯ ಇದೆ. 16 ಗೋಪುರ, ಒಟ್ಟು 7,000 ಮನೆ, ಚೀನಾದ ಸರ್ಕಾರಿ ಕಂಪನಿ ಕಟ್ಟಿದ್ದು. ಮನೆ ಹಂಚಿದ್ದು ಅರ್ಜಿ, ಅರ್ಹತೆಯ ಅಂಕಗಳ ಮೇಲೆ. ಯಾವ ದ್ವೀಪದವರು ಅನ್ನುವುದರ ಮೇಲಲ್ಲ. ಹಾಗಾಗಿ ಒಂದೇ ದ್ವೀಪದವರು ಒಂದೇ ಕಡೆ ಸಿಗುವುದು ಅಪರೂಪ. ದ್ವೀಪದ ಮನೆಗಳ ಮುಂದೆ ಜೋಲಿ ಇರುತ್ತದೆ, ಕೊಳವೆಯ ಚೌಕಟ್ಟಿಗೆ ಹಗ್ಗದ ಬಲೆ ಬಿಗಿದು ಮಾಡಿದ ಕುರ್ಚಿಗಳ ಸಾಲು. ನಿಮ್ಮ ಓಣಿಯ ಕಟ್ಟೆಯ ಕೆಲಸವನ್ನೇ ಅದು ಮಾಡುತ್ತದೆ. ಸಂಜೆ ಅಲ್ಲಿ ಕೂತವರಿಗೆ ಬೀದಿಯಲ್ಲಿ ಹಾದುಹೋಗುವ ಪ್ರತಿ ಮಗು ಯಾರ ಮನೆಯದು ಅಂತ ಗೊತ್ತಿರುತ್ತದೆ. 25 ಮಹಡಿಯ ಕಟ್ಟಡದಲ್ಲಿ ಲಿಫ್ಟಿನ ಮುಂದೆ ಜೋಲಿ ಹಾಕಲಾಗದು. ಹುಲ್ಹುಮಾಲೆಯ ಯುವಕರ ಬಗ್ಗೆ, ಮಾದಕ ವಸ್ತುಗಳ ಬಗ್ಗೆ ಇಲ್ಲಿನ ತಾಯಂದಿರು ನನ್ನ ಬಳಿ ಆತಂಕದಿಂದ ಮಾತಾಡುತ್ತಾರೆ. ಮಕ್ಕಳನ್ನು ಗಮನಿಸುತ್ತಿದ್ದ ನೂರು ಕಣ್ಣು ಇಲ್ಲಿ ಇಲ್ಲ ಅನ್ನುವುದು ಅವರ ಸಂಕಟ.

ಖುಷಿಯೋ, ಬೇರೆ ದಾರಿ ಇಲ್ಲದೆಯೋ? ನಾನು ಕಂಡ ಮಟ್ಟಿಗೆ ಬೇರೆ ದಾರಿ ಇಲ್ಲದೆ. ಹತ್ತನೇ ತರಗತಿಯ ನಂತರ ಓದಬೇಕೆಂದರೆ ಬಹುಕಾಲ ಮಾಲೆಯೇ ಗತಿಯಾಗಿತ್ತು. ಈಗ ಕೆಲವು ಅಟಾಲ್ ಶಾಲೆಗಳಲ್ಲಿ 11, 12 ಇದೆ, ಆದರೆ ಬೇಕಾದ ವಿಷಯ ಸಿಗುವುದು ಕಷ್ಟ. ಹೆರಿಗೆ ತೊಡಕಾದರೆ, ಡಯಾಲಿಸಿಸ್ ಬೇಕಾದರೆ ಮತ್ತೆ ಇಲ್ಲಿಗೇ ಓಡಬೇಕು. ಜನ ಹುಲ್ಹುಮಾಲೆಗೆ ಬರುವುದು ಹುಲ್ಹುಮಾಲೆಯ ಆಸೆಗಲ್ಲ, ಶಾಲೆ ಆಸ್ಪತ್ರೆಗಾಗಿ.

ಲೆಕ್ಕಪತ್ರ

ಮೇಡಂ ಅವರ ಕಳಕಳಿ ಅರ್ಥವಾಗುತ್ತದೆ. ಆದರೂ ಒಂದು ತಕರಾರು ಇದೆ. ಜನವಸತಿ ಇರುವ ದ್ವೀಪಗಳು 180ಕ್ಕೂ ಹೆಚ್ಚು. ಅವುಗಳಲ್ಲಿ ಎಷ್ಟೋ ಕಡೆ ಸಾವಿರ ಜನರೂ ಇಲ್ಲ. ಪ್ರತಿ ದ್ವೀಪಕ್ಕೂ ಶಸ್ತ್ರಚಿಕಿತ್ಸಕ, ಭೌತಶಾಸ್ತ್ರದ ಮೇಷ್ಟ್ರು, ಬಂದರು, ಚರಂಡಿ, ವಿದ್ಯುತ್ ಕೇಂದ್ರ ಯಾವ ಸರ್ಕಾರ ಕೊಡಬಲ್ಲದು? ವರ್ಷಕ್ಕೆ ಹತ್ತಿಪ್ಪತ್ತು ಹೆರಿಗೆ ಆಗುವ ಕಡೆ ತಜ್ಞ ವೈದ್ಯರನ್ನು ಕೂರಿಸಿದರೆ ಅವರ ಕೈಚಳಕವೇ ಹೋಗುತ್ತದೆ. ಜನ ಒಂದೆಡೆ ಸೇರಿದರೆ ತಲಾ ಖರ್ಚು ಇಳಿಯುತ್ತದೆ, ಸೇವೆಯ ಗುಣಮಟ್ಟ ಏರುತ್ತದೆ. ಭಾವನೆಯಿಂದ ಬಜೆಟ್ ಬರೆಯಲಾಗದು.

ನನಗೆ ಹೆಚ್ಚು ಚಿಂತೆ ಇರುವುದು ಸಾಲದ ಬಗ್ಗೆ. ಹುಲ್ಹುಮಾಲೆಯ ಗೋಪುರಗಳು ಬಹುಪಾಲು ಹೊರಗಿನ ಸಾಲದಲ್ಲಿ ಎದ್ದವು, ಸೇತುವೆಯ ಖರ್ಚಿನಲ್ಲೂ ಒಂದು ಪಾಲು ಸಾಲ. ಭಾರತದ ಎಕ್ಸಿಮ್ ಬ್ಯಾಂಕ್ ಸಾಲದಲ್ಲೂ ಅಲ್ಲಿ ಮನೆಗಳಾಗಿವೆ, 2025ರ ಜುಲೈನಲ್ಲಿ 3,300 ಮನೆಗಳನ್ನು ಹಸ್ತಾಂತರಿಸಲಾಯಿತು. ಸಾಲ ಡಾಲರಿನಲ್ಲಿ, ಬಾಡಿಗೆ ಬರುವುದು ಅಲ್ಲಿನ ನಾಣ್ಯ ರುಫಿಯಾದಲ್ಲಿ. ಡಾಲರ್ ತರುವುದು ಪ್ರವಾಸೋದ್ಯಮ. 2020ರಲ್ಲಿ ಗಡಿ ಮುಚ್ಚಿದಾಗ ಅದು ತಿಂಗಳುಗಟ್ಟಲೆ ನಿಂತೇ ಹೋಯಿತು. ಬಾಡಿಗೆ ಏರಿಸಿದರೆ ನಿವಾಸಿಗಳು ಬೀದಿಗೆ ಬರುತ್ತಾರೆ, ಏರಿಸದಿದ್ದರೆ ಸಾಲ ತೀರದು.

ಕೆಂಪುಬಸ್

ಚೀನಾ ಸೇತುವೆ ಕಟ್ಟಿತು, ನಾವು ಮನೆ ಕಟ್ಟಿದ್ವಿ, ಆಮೇಲೆ ಮಾಲ್ಡೀವ್ಸ್‌ನವರೇ ನಮ್ಮ ಲಕ್ಷದ್ವೀಪದ ಬಗ್ಗೆ ಏನೆಲ್ಲಾ ಮಾತಾಡಿದ್ರು. ಅಂಥವರಿಗೆ ನಮ್ಮ ಮರಳು ಯಾಕೆ ಕೊಡಬೇಕು?

ನಿರ್ವಾಹಕ

2024ರ ಆ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಊರು ಕಟ್ಟುವ ವಿಷಯ ಮಾತ್ರ ಮುಂದುವರಿಯಲಿ.

ತುಂಗೆಯ_ಮಗ

ನಾನು ಮಾಲೆಯಲ್ಲಿ ಹೋಟೆಲ್ ಕೆಲಸದಲ್ಲಿದ್ದೆ. 2020ರ ಮೇ ತಿಂಗಳಲ್ಲಿ ಐಎನ್‌ಎಸ್ ಜಲಾಶ್ವ ಹಡಗಿನಲ್ಲಿ ಕೊಚ್ಚಿಗೆ ಬಂದವರಲ್ಲಿ ನಾನೂ ಒಬ್ಬ. ಇಲ್ಲಿ ಎಲ್ಲರೂ ಮಾಲ್ಡೀವ್ಸ್ ಪ್ರಜೆಗಳ ಮನೆಯ ಬಗ್ಗೆ ಮಾತಾಡ್ತಿದ್ದೀರಿ. ಆ ಗೋಪುರಗಳಿಗೆ ಇಟ್ಟಿಗೆ ಹೊತ್ತವರ ಬಗ್ಗೆ ಒಂದು ಮಾತೂ ಇಲ್ಲ. ಬಹುಪಾಲು ಬಾಂಗ್ಲಾದೇಶದವರು, ನಮ್ಮವರೂ ಇದ್ದರು. ಒಂದು ಕೋಣೆಯಲ್ಲಿ ಪಾಳಿಯ ಮೇಲೆ ಮಲಗೋದು: ಹಗಲು ಕೆಲಸದವನು ಎದ್ದ ಹಾಸಿಗೆಗೆ ರಾತ್ರಿ ಕೆಲಸದವನು. ಕೋವಿಡ್ ಮೊದಲು ಹಬ್ಬಿದ್ದು ಅಂಥ ಕೋಣೆಗಳಲ್ಲೇ. ಆಗ ಅವಸರದಲ್ಲಿ ಅವರಿಗೆ ಬೇರೆ ಜಾಗ ಹುಡುಕಿದರು. ಊರಿನ ನಕ್ಷೆ ಬರೆಯೋವಾಗಲೇ ಕಾರ್ಮಿಕರ ಮನೆಗೂ ನಾಲ್ಕು ಗೆರೆ ಎಳೆದಿದ್ದರೆ ಆ ಅವಸರ ಬೇಕಿರಲಿಲ್ಲ. ದೇಶದಲ್ಲಿ ನಾಲ್ಕರಲ್ಲಿ ಒಬ್ಬರು ವಿದೇಶಿ ಕೆಲಸಗಾರರು ಇರೋವಾಗ ಅವರನ್ನ ಬಿಟ್ಟು ಮಾಡಿದ ಯೋಜನೆ ಪೂರ್ತಿ ಯೋಜನೆ ಅಲ್ಲ.

ಹೇಮಾವತಿ_ತೀರ

@ತುಂಗೆಯ_ಮಗ, ಈ ಮಾತು ಇಲ್ಲಿ ಬರಲೇಬೇಕಿತ್ತು. ಈಗಲೂ ನನ್ನ ರಸ್ತೆಯ ಕಟ್ಟಡ ಕೆಲಸದ ಹುಡುಗರಿಗೆ ವಾಸದ ಜಾಗ ಅಂದರೆ ಅದೇ ಅರ್ಧ ಕಟ್ಟಿದ ಕಟ್ಟಡ.

@ಲೆಕ್ಕಪತ್ರ, ಸರ್, ನಾನು 180 ದ್ವೀಪಕ್ಕೂ ದೊಡ್ಡಾಸ್ಪತ್ರೆ ಕೇಳುತ್ತಿಲ್ಲ. ಅಟಾಲ್‌ಗೆ ಒಂದು ಒಳ್ಳೆಯ ಆಸ್ಪತ್ರೆ, ಒಂದು ಪೂರ್ಣ ಪದವಿಪೂರ್ವ ಶಾಲೆ, ಅಲ್ಲಿಗೆ ದಿನಾ ಓಡುವ ದೋಣಿ. ಇಷ್ಟು ಸಾಕು. ದೋಣಿಯ ಭಾಗ ಈಗಾಗಲೇ ಸಾಧ್ಯವಾಗುತ್ತಿದೆ: 2022ರಿಂದ ಸರ್ಕಾರಿ ವೇಗದ ದೋಣಿ ಸೇವೆ ಅಟಾಲ್ ಅಟಾಲ್‌ಗೆ ವಿಸ್ತರಿಸುತ್ತಿದೆ. ಮೊದಲು ಪಕ್ಕದ ದ್ವೀಪಕ್ಕೆ ಹೋಗಲು ಯಾರದ್ದಾದರೂ ಮೀನಿನ ದೋಣಿ ಕಾಯಬೇಕಿತ್ತು. ಈಗ ನನ್ನ ಹಳೆಯ ವಿದ್ಯಾರ್ಥಿಗಳು ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬರುತ್ತಾರೆ. ಹೀಗೆ ಬಂದುಹೋಗಲು ಆಗುವುದಾದರೆ ಮನೆಗೆ ಬೀಗ ಹಾಕುವ ಪ್ರಮೇಯವಿಲ್ಲ.

ಮಾಲೆಯ ಇಂದಿರಾ ಗಾಂಧಿ ಆಸ್ಪತ್ರೆ ಭಾರತದ ನೆರವಿನಿಂದ 1995ರಲ್ಲಿ ಶುರುವಾಯಿತು. ಅದು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಅಂಥದ್ದೇ ಒಂದು ಉತ್ತರದಲ್ಲಿ, ಒಂದು ದಕ್ಷಿಣದಲ್ಲಿ ಆಗಲೇ ಎದ್ದಿದ್ದರೆ ಹುಲ್ಹುಮಾಲೆಯ ಮೇಲಿನ ಒತ್ತಡ ಈಗಿನಷ್ಟು ಇರುತ್ತಿರಲಿಲ್ಲ ಅನ್ನುವುದು ನನ್ನ ದೃಢ ಅಭಿಪ್ರಾಯ. ತಲಾ ಖರ್ಚಿನ ಲೆಕ್ಕದಲ್ಲಿ ಗೋಪುರ, ಸೇತುವೆ, ಸಾಲದ ಬಡ್ಡಿ, ಸತ್ತ ಹವಳ ಇವನ್ನೂ ಸೇರಿಸಿ ನೋಡಿ. ಆಗಲೂ ಒಂದೆಡೆ ಸೇರಿಸುವುದೇ ಅಗ್ಗವಾಗುತ್ತದೆಯೇ?

ಲೆಕ್ಕಪತ್ರ

ಅಟಾಲ್‌ಗೆ ಒಂದು ಅಂದರೆ ಒಪ್ಪುತ್ತೇನೆ. ದೋಣಿಯ ಮಾತನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸಾಲದ ಬಗ್ಗೆ ನನ್ನ ಮಾತು ಹಾಗೇ ಇರಲಿ.

ಮಳೆಬಿಲ್ಲು

ಇನ್ನೊಂದು ಪ್ರಶ್ನೆ. ಈ ಥರದ್ದು ನಮ್ಮ ಲಕ್ಷದ್ವೀಪದಲ್ಲಿ ಆಗಬಹುದಾ? ನಮ್ಮ ರಾಜ್ಯಕ್ಕೂ ಆ ದ್ವೀಪಗಳಿಗೂ ಏನಾದರೂ ಸಂಬಂಧ ಇದೆಯಾ?

ಕಡಲ್ಕರೆ

ಸಂಬಂಧ ಉಂಟು. ಲಕ್ಷದ್ವೀಪದ ಅಮಿನಿದಿವಿ ಗುಂಪಿನ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಈಗಲೂ ಆ ಕಡೆಗೆ ಸಾಮಾನಿನ ಹಡಗು ಹೋಗುತ್ತವೆ. ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್‌ನವರ ಭಾಷೆ ಮಾಲ್ಡೀವ್ಸ್‌ನ ದಿವೇಹಿಯದೇ ರೂಪ. ನೆಲ, ಹವಳ, ನೀರು ಎಲ್ಲವೂ ಅದೇ ಬಗೆ. ಹಾಗಾಗಿ ಹುಲ್ಹುಮಾಲೆಯ ಅನುಭವ ನಮಗೂ ಪಾಠ. ಉಳ್ಳಾಲದಲ್ಲಿ ನೋಡಿದ್ದೇವಲ್ಲ, ಕಡಲ್ಕೊರೆತ ತಡೆಯಲು ಒಂದು ಕಡೆ ಕಲ್ಲು ಹಾಕಿದರೆ ಅಲೆ ಪಕ್ಕದ ಮನೆಯ ಅಂಗಳ ಕೊರೆಯುತ್ತದೆ. ಲಗೂನಿನಲ್ಲಿ ನೆಲ ಎಬ್ಬಿಸಿದರೂ ನೀರಿನ ಹರಿವು ಹಾಗೇ ದಿಕ್ಕು ಬದಲಿಸುತ್ತದೆ.

ಮಾಲ್ಡೀವ್ಸ್‌ನಲ್ಲಿ ನೆಲ ಎಬ್ಬಿಸುವ ಕೆಲಸವಂತೂ ನಿಂತಿಲ್ಲ. ಈಗಿನ ಅಧ್ಯಕ್ಷ ಮುಯಿಝು ಅವರು ಹಿಂದೆ ವಸತಿ ಸಚಿವರಾಗಿ ಸಿನಮಾಲೆ ಸೇತುವೆಯ ಕೆಲಸ ನಡೆಸಿದವರು. ಅಧಿಕಾರಕ್ಕೆ ಬಂದ ಕೂಡಲೇ ರಸ್ ಮಾಲೆ ಅಂತ ಇನ್ನೊಂದು ಹೊಸ ನಗರಕ್ಕೆ ಲಗೂನ್ ತುಂಬಿಸಲು ಹೊರಟರು. ಅದು ಹುಲ್ಹುಮಾಲೆಗಿಂತ ಎತ್ತರ, ಸುಮಾರು 3 ಮೀಟರ್ ಇರಲಿದೆ ಅಂತ ಯೋಜನೆ. ಪಶ್ಚಿಮಕ್ಕೆ ಭಾರತದ ಹಣದಲ್ಲಿ 6.74 ಕಿಲೋಮೀಟರ್‌ನ ತಿಲಮಾಲೆ ಸೇತುವೆ ಏಳುತ್ತಾ ಉಂಟು. ಅದು ವಿಲಿಮಾಲೆ, ಗುಳಿಫಳು, ತಿಲಫುಶಿ ದ್ವೀಪಗಳನ್ನು ಮಾಲೆಗೆ ಜೋಡಿಸುತ್ತದೆ. ಅಂದರೆ ಎಲ್ಲಾ ದಾರಿಯೂ ಮತ್ತೆ ರಾಜಧಾನಿಗೇ.

ಹೇಮಾವತಿ ಮೇಡಂ, ನೀವು ಅಲ್ಲೇ ಇದ್ದೀರಲ್ಲ, ರಸ್ ಮಾಲೆಯ ಮನೆಗಳಿಗೆ ಅರ್ಜಿ ಕರೆದಾಗ ಯಾವ ಅಟಾಲ್‌ನಿಂದ ಎಷ್ಟು ಜನ ಹಾಕುತ್ತಾರೆ ಅಂತ ಪಟ್ಟಿ ಹೊರಬಂದರೆ ಇಲ್ಲಿ ಹಾಕಿ. ಯಾವ ದ್ವೀಪದ ಶಾಲೆ ಮುಂದೆ ಖಾಲಿಯಾಗುತ್ತದೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಹೇಮಾವತಿ_ತೀರ

ಖಂಡಿತ ಹಾಕುತ್ತೇನೆ. ನಮ್ಮ ಶಾಲೆಯಲ್ಲಿ ಹೊಸದಾಗಿ ಸೇರುವ ಮಕ್ಕಳು ಯಾವ ಅಟಾಲ್‌ನವರು ಅಂತ ಈ ವರ್ಷದಿಂದಲೇ ಬರೆದಿಡಲು ಶುರುಮಾಡುತ್ತೇನೆ. ಹೆಸರಿಲ್ಲದೆ, ಬರೀ ಅಟಾಲ್ ಮತ್ತು ತರಗತಿ. ಅಟಾಲ್‌ಗಳಲ್ಲಿ ಪಾಠ ಮಾಡುತ್ತಿರುವ ಕನ್ನಡದ ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಶಾಲೆಯಿಂದ ಹೊರಟವರ ಲೆಕ್ಕವನ್ನು ಹಾಗೇ ಕಳಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.